ಎಫ್‌ಸಿ ದಿನದ ಟೈರು

ತಪಾಸಣೆ ಮುಗಿಸಿಕೊಂಡು ಬಂದ ಡ್ರೈವರ್ ಯಮನಪ್ಪ ಮಾದನಾಯಕನಹಳ್ಳಿಯಲ್ಲಿ ರಾಮಯ್ಯನ ಟೈರ್ ಅಂಗಡಿಯ ಮುಂದೆ ಟ್ರೇಲರ್ ನಿಲ್ಲಿಸಲಿಲ್ಲ. ಅಂಗಡಿಯಿಂದ ಕೈ ಬೀಸಿದವರನ್ನು ಕನ್ನಡಿಯಲ್ಲಿ ನೋಡಿಯೂ ನೇರ ಪೀಣ್ಯದ ಕಡೆ ಬಿಟ್ಟ.

ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸುವ ದಿನ ಮಾಲೀಕ ಶಿವರಾಜ್ ರಾಮಯ್ಯನಿಂದ ಹೊಸ ಟೈರುಗಳನ್ನು ಬಾಡಿಗೆಗೆ ತಂದು ಟ್ರೇಲರ್‌ಗೆ ಹಾಕಿಸುತ್ತಿದ್ದ. ತಪಾಸಣೆಯ ಅಧಿಕಾರಿ ನಿಯಮ ಬಿಡುವ ಮನುಷ್ಯನಲ್ಲ. ಹೊರುವ ಭಾರಕ್ಕೆ ತಕ್ಕ ಟೈರು, ಒಂದು ಆಕ್ಸಲ್‌ಗೆ ಒಂದೇ ಅಳತೆ, ಸವೆಯದ ಗೆರೆ, ಎಲ್ಲವನ್ನೂ ಬಗ್ಗಿ ನೋಡಿಯೇ ಮುದ್ರೆ ಒತ್ತುತ್ತಿದ್ದ. ಮುದ್ರೆ ಬಿದ್ದ ಮೇಲೆ ಹೊಸವು ಅಂಗಡಿಗೆ, ಹಳೆಯವು ಗಾಡಿಗೆ.

ಹೋದ ತಿಂಗಳು ಹೆಬ್ಬಗೋಡಿಯ ಹತ್ತಿರ ಅಂಥದೊಂದು ಹಳೆಯ ಟೈರು ಸಿಡಿದಿತ್ತು. ರಬ್ಬರಿನ ಪಟ್ಟಿ ಚಾಟಿಯಂತೆ ಹಾರಿ, ಬಸ್ಸಿಗೆ ಕಾಯುತ್ತಿದ್ದ ಗಾರ್ಮೆಂಟ್ಸ್ ಹುಡುಗಿಯ ಮುಖಕ್ಕೆ ಬಡಿಯಿತು. ಅವಳನ್ನೆತ್ತಿ ಆಟೋದಲ್ಲಿ ಮಲಗಿಸಿದವನು ಯಮನಪ್ಪನೇ. ಒಂದು ಕಣ್ಣು ಉಳಿಯಲಿಲ್ಲ. ಮರುದಿನ ಶಿವರಾಜ್ ಆ ಜಾಗಕ್ಕೆ ಇನ್ನೊಂದು ಸವೆದ ಟೈರನ್ನೇ ಹಾಕಿಸಿ, "ಸದ್ಯಕ್ಕೆ ಓಡ್ಲಿ ಗುರು, ಎಫ್‌ಸಿ ಟೈಮಲ್ಲಿ ನೋಡ್ಕೊಳೋಣ" ಎಂದಿದ್ದ.

ಇವತ್ತು ಗಾಡಿ ನೆಲ ಕಚ್ಚಿಕೊಂಡು ಓಡುತ್ತಿತ್ತು. ಪೀಣ್ಯದಲ್ಲಿ ಉಕ್ಕಿನ ಸುರುಳಿಗಳನ್ನು ಹೇರಿಸಿಕೊಂಡ ಯಮನಪ್ಪ ಮದ್ರಾಸಿನ ದಾರಿ ಹಿಡಿದ. ಎಷ್ಟೋ ದಿನಗಳ ಮೇಲೆ ಅವನ ಭುಜ ಸಡಿಲವಾಗಿತ್ತು. ಟೈರು ಕಳವಾಯಿತೆಂಬ ದೂರಿನ ಮೇಲೆ ಹೊಸೂರು ರಸ್ತೆಯಲ್ಲಿ ಪೊಲೀಸ್ ಜೀಪು ಅಡ್ಡ ಬಂದು ನಿಲ್ಲುವವರೆಗೆ.

ಠಾಣೆಯ ಅಂಗಳಕ್ಕೆ ಶಿವರಾಜ್ ಮಾರುತಿಯಲ್ಲಿ ಬಂದ. ಜೊತೆಗೆ ಹೊಸ ಡ್ರೈವರ್ ಬಸಲಿಂಗ. ಹಿಂದೆಯೇ ಹಳೆಯ ಟೈರುಗಳನ್ನು ಹೇರಿದ ಟೆಂಪೋದಲ್ಲಿ ರಾಮಯ್ಯ.

"ಟೈರು ಯಾರ್ದಯ್ಯಾ?" ಸಬ್‌ಇನ್‌ಸ್ಪೆಕ್ಟರ್ ಕೇಳಿದ.

"ರಾಮಯ್ಯಂದ್ರೀ ಸಾಹೇಬ್ರ. ಆದ್ರ ಕಳವು ಮಾಡಿಲ್ಲರೀ. ಕಾಯ್ದೆ ಹೇಳಿದಂಥಾ ಟೈರಿನ ಮ್ಯಾಲ ಮಾಲು ಒಯ್ಯಾಕತ್ತೀನಿ, ಅಷ್ಟ."

"ಕೇಳಿ ತಗೊಂಡ್ಯಾ?"

ಯಮನಪ್ಪ ಟೆಂಪೋದಲ್ಲಿದ್ದ ಹಳೆಯ ಟೈರುಗಳ ಕಡೆ ನೋಡಿದ.

"ಮಾಲು ನಾಳೆ ಹಡಗು ಸೇರ್ಬೇಕು ಸಾರ್" ಎಂದು ಶಿವರಾಜ್ ನಡುವೆ ಬಾಯಿ ಹಾಕಿದ. "ಹಳೇ ಟೈರು ತಂದಿದೀನಿ. ಬದಲಾಯಿಸ್ಕೊಂಡು ಹೊರಟ್ಬಿಡ್ತೀವಿ."

"ಸಾಹೇಬ್ರ, ಒಮ್ಮೆ ಕೈಯಾಡ್ಸಿ ನೋಡ್ರಿ, ಒಳಗಿನ ದಾರ ಹೊರಗ ಬಂದೈತಿ. ಇವನ್ನ ಹಾಕಿ ರೋಡಿಗೆ ಬಿಡಬ್ಯಾಡ್ರೀ."

ಸಬ್‌ಇನ್‌ಸ್ಪೆಕ್ಟರ್ ಟೈರು ನೋಡಲಿಲ್ಲ. ಶಿವರಾಜ್ ಕ್ಯಾಬಿನ್ನಿನಿಂದ ತಂದುಕೊಟ್ಟ ಎಫ್‌ಸಿ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದ. "ಇವತ್ತಿನ ತಾರೀಖಿಂದೇ ಇದೆಯಲ್ಲಯ್ಯ. ಗಾಡಿ ಸರಿಯಾಗಿದೆ ಅಂತ ಸರ್ಕಾರವೇ ಬರೆದುಕೊಟ್ಟ ಮೇಲೆ ನಾನ್ಯಾರು?" ಆಮೇಲೆ ಕಾನ್‌ಸ್ಟೇಬಲ್ ಪಂಚಾಕ್ಷರಿಗೆ ಹೇಳಿದ: "ಕದ್ದೋನ ಕೈಲೇ ಬಿಚ್ಚಿಸ್ರೀ. ಹಳೇವನ್ನೂ ಅವನೇ ಹಾಕ್ಲಿ. ಆಮೇಲೆ ಒಳಗೆ ಕೂರಿಸಿ."

ಯಮನಪ್ಪ ಜಾಕ್ ಏರಿಸಿದ. ಹೊಸ ಟೈರುಗಳನ್ನು ಒಂದೊಂದಾಗಿ ಉರುಳಿಸಿ ಟೆಂಪೋದ ಪಕ್ಕ ಒರಗಿಸಿಟ್ಟ. ಹಳೆಯವನ್ನು ಕೂರಿಸುವಾಗ ಅವನ ಕಣ್ಣು ಬಸಲಿಂಗನ ಮೇಲೆ ಬಿತ್ತು. ಇನ್ನೂ ಮೀಸೆ ಬಲಿಯದ ಆ ಡ್ರೈವರ್ ಕ್ಯಾಬಿನ್ ಏರಿ, ಸ್ಟೇರಿಂಗಿಗೆ ಕೈಮುಗಿದು ಸಂಭ್ರಮದಿಂದ ಕೂತಿದ್ದ. ಯಮನಪ್ಪ ಮತ್ತೆ ಬಗ್ಗಿದ. ಇದ್ದುದರಲ್ಲಿ ವಾಸಿಯಾದವನ್ನು ಆರಿಸಿ, ಜನರ ಕಡೆಗಿರುವ ಹೊರಬದಿಗೆ ಹಾಕಿದ. ಗೆರೆಗಳಲ್ಲಿ ಸಿಕ್ಕಿದ್ದ ಜಲ್ಲಿಕಲ್ಲುಗಳನ್ನು ಉಗುರಿನಿಂದ ಕಿತ್ತ. ಒಂದೊಂದು ನಟ್ಟನ್ನೂ ಸ್ಪ್ಯಾನರ್ ಮೇಲೆ ಕಾಲಿಟ್ಟು, ಮೈಭಾರವನ್ನೆಲ್ಲ ಹಾಕಿ ಬಿಗಿದ. ಯಾರೂ ಹೇಳದಿದ್ದರೂ ಇನ್ನೊಂದು ಸುತ್ತು ಬಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಿದ.

ಬೇಲಿಗೊರಗಿ ನೋಡುತ್ತಿದ್ದ ಪಂಚಾಕ್ಷರಿಗೆ ಪಾಪ ಅನ್ನಿಸಿತು.

"ಇಷ್ಟು ಅಚ್ಚುಕಟ್ಟಾಗಿ ಕೆಲ್ಸ ಮಾಡ್ತೀಯಲ್ಲೋ" ಎಂದ, ಲಾಕಪ್ಪಿನ ಬಾಗಿಲು ತೆರೆಯುತ್ತ. "ನಿನಗ್ಯಾಕಪ್ಪಾ ಈ ಕಳ್ಳತನದ ಬುದ್ಧಿ ಬಂತು?"