ಗಂಗವ್ವನ ಉಡಿ

ಬಾವಿಗೆ ಮಣ್ಣು ಸುರಿಯುವ ಮೊದಲು ಅದರೊಳಗಿನ ಗಂಗವ್ವನಿಗೆ ಉಡಿ ತುಂಬಲೇಬೇಕು ಎಂದು ಹಟ ಹಿಡಿದವನು ಶಿದ್ರಾಮಪ್ಪನೇ. ಬೋರಿಗೆ ನೀರು ಬಿದ್ದ ಮೇಲೆ ಹೊಲದ ಹಳೆಯ ಬಾವಿಯನ್ನು ಯಾರೂ ಇಣುಕಿ ನೋಡಿರಲಿಲ್ಲ. ಅದನ್ನು ಮುಚ್ಚಿದರೆ ಇನ್ನೆರಡು ಸಾಲು ಕಬ್ಬು ನಿಲ್ಲುತ್ತದೆ ಎಂಬ ಆಸೆ ಅವನದು. ಆದರೂ ಅಜ್ಜನ ಕಾಲದಿಂದ ನೀರು ಕೊಟ್ಟವಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಒಪ್ಪಲಿಲ್ಲ.

ಹೆಂಡತಿ ಭಾಗವ್ವ ಮೆಟ್ಟಿಲಿಳಿದಳು. ತಳದಲ್ಲಿ ಬಂಡಿಗಾಲಿಯಷ್ಟಗಲ ನೀರು ಉಳಿದಿತ್ತು. ಅದರ ಅಂಚಿಗೆ ರವಿಕೆ ಖಣ ಹಾಸಿ, ಕೊಬ್ಬರಿ, ಉತ್ತತ್ತಿ ಇಟ್ಟು, ಒಂದು ಹಿಡಿ ಅಕ್ಕಿಯನ್ನು ನೀರಿಗೆ ಬಿಟ್ಟು ಬಂದಳು.

ಮಣ್ಣಿನ ಟ್ರ್ಯಾಕ್ಟರ್ ತಡವಾಯಿತು. ಮರೆತ ಆರತಿ ತಟ್ಟೆಗೆಂದು ಮತ್ತೆ ಇಳಿದವಳು ಅಲ್ಲೇ ನಿಂತುಬಿಟ್ಟಳು.

"ಏನ್ರೀ, ನೀರಾಗ ಒಂದ ಕಾಳ ಅಕ್ಕಿ ಇಲ್ಲ!"

"ಗಂಗವ್ವ ಉಂಡಾಳ. ಒಪ್ಪಿದ್ಲು ಅಂತ ಅರ್ಥ. ಮ್ಯಾಲ ಬಾ."

ಬರುವವಳಲ್ಲ ಭಾಗವ್ವ. ಅಟ್ಟದಲ್ಲಿ ಸಪ್ಪಳವಾದರೆ ಇಲಿಯೋ ಬೆಕ್ಕೋ ಎಂದು ನೋಡಿಯೇ ಮಲಗುವ ಜೀವ ಅದು. ಕುಕ್ಕರಗಾಲಲ್ಲಿ ಕೂತು ಇನ್ನೊಂದು ಚಿಟಿಕೆ ಅಕ್ಕಿ ಬಿಟ್ಟಳು. ನೀರು ಪುಳಕ್ಕೆಂದಿತು. ಬೆರಳುದ್ದದ ಮೀನು, ಒಂದಲ್ಲ, ಹಿಂಡು! ಗೋಡೆಯ ಕಲ್ಲುಸಂದಿಗೆ ಮೊಬೈಲಿನ ಬೆಳಕು ಹಿಡಿದಳು. ಎಲ್ಲಿ ನೋಡಿದರೂ ಮಿಣಿಮಿಣಿ ಕಣ್ಣು, ಒಂದಕ್ಕೊಂದು ಒತ್ತಿಕೊಂಡು ಕೂತ ಕಪ್ಪೆಗಳು.

"ಮೊದಲ ಮಳಿಗೆ ಇಷ್ಟ ಕಪ್ಪಿ ಎಲ್ಲಿಂದ ಬರತಾವ ಅಂತ ಕೇಳಿದ್ರ, ಮುಗಿಲಿಂದ ಬೀಳತಾವ ಅಂತಿದ್ರಲ್ಲಾ? ಇಳದ ಬರ್ರಿ, ನಿಮ್ಮ ಮುಗಿಲ ಇಲ್ಲೈತಿ!"

ಗೊಣಗುತ್ತ ಇಳಿದ ಶಿದ್ರಾಮಪ್ಪನಿಗೂ ಕಣ್ಣು ಕೀಳಲಾಗಲಿಲ್ಲ. ಹಳ್ಳ ಬತ್ತಿ, ಹೊಲ ಬಾಯಿಬಿಟ್ಟ ಈ ಬೇಸಿಗೆಯಲ್ಲಿ ಸುತ್ತಲಿನ ಜೀವವೆಲ್ಲ ಇಲ್ಲಿ ಬೀಡುಬಿಟ್ಟಿತ್ತು.

"ಮಳಿ ಕಾಯಾಕತ್ತಾವ ನೋಡು," ಎಂದ ಮೆಲ್ಲಗೆ.

ಅಷ್ಟರಲ್ಲಿ ಮೇಲೆ ಟ್ರ್ಯಾಕ್ಟರ್ ಗುಡುಗುಡಿಸಿ ನಿಂತಿತು. "ಕಾಕಾ, ಮಣ್ಣ ಸುರೀಲೇನ್ರೀ?" ಎಂದು ಓಡಿಸುತ್ತಿದ್ದ ನವೀನ ಕೂಗಿದ.

ಶಿದ್ರಾಮಪ್ಪ ತಡವರಿಸಿದ. ಎರಡು ಸಾಲು ಕಬ್ಬು ಕಣ್ಣ ಮುಂದೆ ಬಂತು. "ಉಡಿ ತುಂಬಿದ್ದಂತೂ ಆತಲ್ಲ..." ಎಂದು ಹೆಂಡತಿಯ ಮುಖ ನೋಡಿದ.

ಭಾಗವ್ವ ಸಂದಿಯಿಂದ ಒಂದು ಕಪ್ಪೆಯನ್ನು ಹಗುರಾಗಿ ತೆಗೆದು ಅವನ ಅಂಗೈ ಮೇಲಿಟ್ಟಳು. ತತ್ತಿ ತುಂಬಿ ಅದರ ಹೊಟ್ಟೆ ಬಿಗಿದಿತ್ತು.

"ಬಸುರಿಗೆ ಉಡಿ ತುಂಬೀವ್ರೀ," ಎಂದಳು. "ಈಗ ಮಣ್ಣ ಹಾಕ್ರಿ, ನೋಡೂಣು."