ಹೊತ್ತಿಕೊಂಡ ಮೇಲೆ ಒಂದು ಮಾತು

ಚಿಮಟದ ತುದಿಗಳು ಪವರ್ ಗುಂಡಿಯ ಕೆಳಗಿನ ಎರಡು ಬಿಂದುಗಳನ್ನು ಮುಟ್ಟಿದೊಡನೆ, ಸತ್ತಂತಿದ್ದ ಹಳೆಯ ಲ್ಯಾಪ್‌ಟಾಪ್ ಉಸಿರೆಳೆಯಿತು. ತೆರೆಯ ಮೇಲೆ ರಿಪೇರಿಯವನ ಮಗಳು ಮಲಗಿದ್ದಳು.

ಚಿಮಟ ಕೈಯಿಂದ ಜಾರಿತು.

ಸಂದೇಹಕ್ಕೆ ಎಡೆಯಿರಲಿಲ್ಲ. ಹುಬ್ಬಿನ ಮೇಲಿನ ಗಾಯದ ಗುರುತು ಅವಳದೇ. ಚಿತ್ರ ತಾನಾಗಿ ಸರಿಯಿತು: ಮಗಳು ಕಿಟಕಿಯ ಬಳಿ, ಯಾರೂ ನೋಡುತ್ತಿಲ್ಲವೆಂಬ ನೆಮ್ಮದಿಯಲ್ಲಿ. ಮತ್ತೆ ಸರಿಯಿತು: ಶಾಲೆಯ ಗೇಟಿನತ್ತ ನಡೆಯುವ ಮಗಳು, ಬೆನ್ನ ಹಿಂದಿನಿಂದ. ಎಲ್ಲವೂ ಅವಳ ಏಳನೆಯ ವಯಸ್ಸಿನವು. ಈಗ ಅವಳಿಗೆ ಹತ್ತು. ಇವುಗಳಲ್ಲಿ ಒಂದನ್ನೂ ಅವನು ಹಿಂದೆ ಕಂಡಿರಲಿಲ್ಲ. ಅವಳು ಏಳುವ ಮೊದಲು ಅಂಗಡಿಗೆ ಬಂದು, ಅವಳು ಮಲಗಿದ ಮೇಲೆ ಮನೆ ಸೇರುವವನು ಅವನು.

ಬ್ಯಾಟರಿ ಮುಗಿದು ತೆರೆ ಕಪ್ಪಾಯಿತು.

ಯಂತ್ರವನ್ನು ಬೆಳಗ್ಗೆ ತಂದವನು ಉದ್ದ ಕೋಟಿನ ಒಬ್ಬ ಮುದುಕ. "ಗುಂಡಿ ಒಳಗೇ ಕುಸಿದುಬಿಟ್ಟಿದೆ. ಒತ್ತಿ ಒತ್ತಿ ಬೆರಳೇ ಸೋತುಹೋಯ್ತು" ಎಂದಿದ್ದ. ಚೀಟಿ ಬರೆಯುವಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲಿದ್ದ ಮಗಳ ಚಿತ್ರದಲ್ಲಿ ನೆಟ್ಟಿತ್ತು.

"ನಿಮ್ಮ ಮಗಳಾ?"

"ಹೌದು."

"ಮುಂದಿನ ಹಲ್ಲು ಬಂತಾ?"

"ಬಂದು ಎಷ್ಟೋ ಕಾಲ ಆಯ್ತು. ಈಗ ಅದರಲ್ಲೇ ನನ್ನ ತಲೆ ತಿಂತಾಳೆ."

ಮುದುಕ ನಗಲಿಲ್ಲ. "ಹಾಗಾದ್ರೆ ಇದು ಹೊತ್ತಿಕೊಳ್ಳಲಿ. ಆಮೇಲೆ ನಿಮ್ಮ ಹತ್ರ ಒಂದು ಮಾತಿದೆ. ಐದಕ್ಕೆ ಬರ್ತೀನಿ."

ರಿಪೇರಿಯವನು ಈಗ ತಲೆಯೆತ್ತಿ ಗೋಡೆಯನ್ನು ನೋಡಿದ. ಆ ಚಿತ್ರದಲ್ಲಿ ಮಗಳ ಬಾಯಿ ಮುಚ್ಚಿತ್ತು. ಹಲ್ಲು ಬಿದ್ದಿದ್ದದ್ದು ಮುದುಕನಿಗೆ ಹೇಗೆ ತಿಳಿಯಿತು?

ಹೆಂಡತಿಗೆ ಫೋನು ಮಾಡಿದ. "ಈಗಲೇ ಶಾಲೆಗೆ ಹೋಗು. ಅವಳ ಕೈ ಬಿಡಬೇಡ."

"ಏನಾಯ್ತ್ರೀ? ನನ್ನ ಉಗುರುಬಣ್ಣ ಮತ್ತೆ ಖಾಲಿಯಾಯ್ತಾ, ಧ್ವನಿ ಹೀಗಿದೆ?"

"ತಮಾಷೆ ಬಿಡು. ಹೊರಡು."

ಬಳಿಕ ಪೊಲೀಸರಿಗೆ ತಿಳಿಸಿದ. ಐದರವರೆಗೆ ಕೈಗೆ ಏನಾದರೂ ಕೆಲಸ ಬೇಕಿತ್ತು. ರಿಪೇರಿಯಾಗಿದ್ದ ಇನ್ನೊಂದು ಯಂತ್ರವನ್ನು ಮುಚ್ಚಿ, ತಿರುಪಿನ ತಲೆಯ ಮೇಲೆ ಉಗುರುಬಣ್ಣದ ಒಂದು ಹನಿಯಿಟ್ಟ. ತಾನು ಬಿಗಿದದ್ದನ್ನು ಬೇರೊಬ್ಬರು ಬಿಚ್ಚಿದರೆ ತಿಳಿಯಲೆಂದು ಅವನು ಹಾಕುವ ಮುದ್ರೆ ಅದು. ಊರಿನಲ್ಲಿ ಇನ್ನಾರಿಗೂ ಇಲ್ಲದ ಪದ್ಧತಿ. ದಾಳಿಂಬೆಯ ಬಣ್ಣ, ಹೆಂಡತಿಯ ಶೀಶೆ. ಅವಳ ಗೊಣಗಾಟ ತಣಿಸಲೆಂದು ಒಮ್ಮೆ ಅವಳ ಹಳೆಯ ಲ್ಯಾಪ್‌ಟಾಪನ್ನು ಸರಿಪಡಿಸಿ, ಅವಳಿಗೆ ಹೇಳದೆಯೇ ಮಾರಿ, ಹೊಸದನ್ನು ತಂದುಕೊಟ್ಟಿದ್ದ. ಅಂದು ಅವಳು ಅತ್ತಿದ್ದಳು. ಹೊಸತು ಕೊಟ್ಟರೂ ಅಳುವವರಿಗೆ ಏನು ಹೇಳುವುದೆಂದು ಇವನು ಕಾರಣ ಕೇಳಿರಲಿಲ್ಲ.

ದೇವರೇ, ಅವಳೊಬ್ಬಳನ್ನು ಕಾಪಾಡು ಎಂದು ಮನಸ್ಸು ಜಪಿಸುತ್ತಿತ್ತು. ನಾಲ್ಕೂವರೆಗೆ ಹೆಂಡತಿಯ ಫೋನು ಬಂತು: ಮಗಳು ಜೊತೆಯಲ್ಲಿದ್ದಾಳೆ.

ಐದಕ್ಕೆ ಸರಿಯಾಗಿ ಮುದುಕ ಬಂದ. ಇಬ್ಬರು ಪೊಲೀಸರು ಕಪಾಟಿನ ಮರೆಯಲ್ಲಿದ್ದರು.

"ಹೊತ್ತಿಕೊಂಡಿತಾ?"

"ಹೂಂ."

"ಒಳಗಿದ್ದದ್ದು ನೋಡಿದಿರಾ?"

"ನೋಡಿದೆ."

"ನೋಡಿಯೂ ಇಷ್ಟು ತಣ್ಣಗಿದ್ದೀರಲ್ಲ" ಎಂದು ಮುದುಕ ಅಚ್ಚರಿಪಟ್ಟ. "ಹೋಗಲಿ, ಆ ಮಗುವಿನ ತಾಯಿಯನ್ನ ಕರೆಸಿ. ಮಾತು ನಿಜವಾಗಿ ಅವರ ಹತ್ರ ಇರೋದು."

ರಿಪೇರಿಯವನು ಅವನ ಕೆನ್ನೆಗೆ ಬಾರಿಸಿದ. ಕನ್ನಡಕ ನೆಲಕ್ಕೆ ಬಿದ್ದು ಒಡೆಯಿತು. ಪೊಲೀಸರು ಮುದುಕನ ತೋಳು ತಿರುಚಿ ಹೊರಗೆಳೆದರು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಯಾರೋ ಅವನ ಕೋಟು ಹಿಡಿದು ಜಗ್ಗಿದರು, ಯಾರೋ ಉಗುಳಿದರು.

"ನನ್ನ ಮಾತು ಇನ್ನೂ ಹೇಳಿಲ್ಲ" ಎನ್ನುತ್ತಲೇ ಇದ್ದ ಮುದುಕ. ಜೀಪು ಹೊರಟಿತು.

ಹಿಂದುಳಿದ ಪೊಲೀಸ ಹೇಳಿದ: "ಸಾಕ್ಷಿಗೆ ಡಿಸ್ಕ್ ಬೇಕಲ್ಲಪ್ಪ, ಬಿಚ್ಚಿಕೊಡು."

ಗುಂಡಿಗಾಗಿ ಅವನು ಕೀಲಿಮಣೆಯ ಕಡೆಯನ್ನಷ್ಟೇ ಎತ್ತಿದ್ದ. ಈಗ ಯಂತ್ರವನ್ನು ಮಗುಚಿ, ತಳದ ಮುಚ್ಚಳ ತೆಗೆದ.

ಡಿಸ್ಕನ್ನು ಬಿಗಿದಿದ್ದ ತಿರುಪಿನ ತಲೆಯ ಮೇಲೆ, ಯಾರೂ ಕದಲಿಸದ, ಮೂರು ವರ್ಷ ಹಳೆಯ, ದಾಳಿಂಬೆ ಬಣ್ಣದ ಒಂದು ಹನಿಯಿತ್ತು.