ಕರಡಿನಲ್ಲಿ ತಪ್ಪಿದೆ

ಆರನೆಯ ಸಭೆಯಲ್ಲೂ ಮೇಲಿನ ಊರಿನ ಪುರಸಭೆಯ ಅಧ್ಯಕ್ಷೆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಎರಡನೇ ಪುಟದ ಮೇಲೆ ಬೆರಳಿಟ್ಟರು, ಮತ್ತೆ ಮುಚ್ಚಳ ಹಾಕಿದರು.

"ಕರಡಿನಲ್ಲಿ ತಪ್ಪಿದೆ."

ಜಂಟಿ ಮಂಡಳಿಯ ಕಾರ್ಯದರ್ಶಿಗೆ ಮೈಯೆಲ್ಲ ಉರಿಯಿತು. ರಾಜಧಾನಿ ಮೊದಲ ಸಲ ಅಧಿಕಾರ ಬಿಟ್ಟುಕೊಟ್ಟಿತ್ತು. ಅಕ್ಕಪಕ್ಕದ ಐದು ಪುರಸಭೆಗಳು ಒಂದಾದರೆ ಬಸ್ಸು, ತರಬೇತಿ ಶಾಲೆ, ಹೊಸ ಕಾರ್ಖಾನೆ ಎಲ್ಲವನ್ನೂ ತಾವೇ ತೀರ್ಮಾನಿಸಬಹುದು. ಆದರೆ ಐದೂ ಸಹಿ ತಿಂಗಳೊಳಗೆ ಬೀಳಬೇಕು. ಇಲ್ಲದಿದ್ದರೆ ಕೊಟ್ಟದ್ದೆಲ್ಲ ವಾಪಸ್ಸು. ನಾಲ್ಕು ಬಿದ್ದಿದ್ದವು. ಕೆಳಗಿನ ಊರಿನ ನೂಲಿನ ಗಿರಣಿ ಮುಚ್ಚಿ ಎರಡು ವರ್ಷವಾಗಿತ್ತು. ಅಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅರ್ಧ ಜನ ಮೇಲಿನ ಊರಿನ ಹೆಂಗಸರೇ. ಈಕೆ ಕಾಯಿಸುತ್ತಿದ್ದದ್ದು ತನ್ನವರನ್ನೇ.

ಕರಡು ಬರೆಯುತ್ತಿದ್ದವನು ಕೆಳಗಿನ ಊರಿನ ಯೋಜನಾಧಿಕಾರಿ, ಇನ್ನೂ ಮೂವತ್ತು ದಾಟದವನು. ತಪ್ಪುಗಳು ಇದ್ದದ್ದಂತೂ ನಿಜ. ಒಮ್ಮೆ ಬಸ್ಸಿನ ಕೊನೆಯ ನಿಲ್ದಾಣವೇ ಬಿಟ್ಟುಹೋಗಿತ್ತು. ಇನ್ನೊಮ್ಮೆ ತರಬೇತಿ ಶಾಲೆಯ ಸೀಟುಗಳನ್ನು ಐದು ಊರಿಗೂ ಹಂಚಿದ ಮೇಲೆ ಇದ್ದದ್ದಕ್ಕಿಂತ ಎರಡು ಹೆಚ್ಚಾಗಿದ್ದವು. ಕೇಳಿದರೆ ಕಣ್ತಪ್ಪಿತು ಎನ್ನುತ್ತಿದ್ದ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದವನಿಗೆ ಇಷ್ಟು ಸಲ ಕಣ್ತಪ್ಪುವುದೇ ಎಂದು ಕಾರ್ಯದರ್ಶಿ ಗೊಣಗಿದರು. ಆದರೂ ಅವರ ಅನುಮಾನವೆಲ್ಲ ಆಕೆಯ ಮೇಲೆಯೇ.

ತಪ್ಪು ಸಿಕ್ಕಿದ್ದೇ ತಡ, ಆಕೆ ಅವನನ್ನು ಪಕ್ಕದ ಕುರ್ಚಿಗೆ ಕರೆಯುತ್ತಿದ್ದರು. ತಿದ್ದಿಸಿ, ಕಿವಿ ಮಂದವೆಂದು ಹೇಳಿ, ಮೊದಲಿನಿಂದ ಜೋರಾಗಿ ಓದಿಸುತ್ತಿದ್ದರು. ಕಿವಿ ಮಂದವಂತೆ! ಹೊರಗೆ ಗುಮಾಸ್ತರು ಪಿಸುಗುಟ್ಟಿದರೆ ಒಳಗಿನಿಂದ ಉತ್ತರ ಕೊಡುವ ಕಿವಿ ಅದು. ಕಚೇರಿಯ ಕಿರಿಯರನ್ನೆಲ್ಲ 'ನೀನು' ಎನ್ನುವವರು ಇವನೊಬ್ಬನನ್ನು 'ನೀವು' ಎನ್ನುತ್ತಿದ್ದರು. ರಾಜಧಾನಿಯ ದೊಡ್ಡವರು ಆಕೆಗೆ ಏನೋ ಆಸೆ ತೋರಿಸಿ ಒಪ್ಪಂದ ಮುರಿಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತ್ತು. ಕಾರ್ಯದರ್ಶಿ ಅದನ್ನು ನಂಬಿದರು.

ಕೊನೆಯ ಸಭೆಯ ದಿನ ಬೆಳಿಗ್ಗೆ ಅವರು ನೇರವಾಗಿ ಆಕೆಯ ಮನೆಗೇ ಹೋದರು. ಒಂಟಿ ಹೆಂಗಸಿನ ಮನೆ. ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಹಳೆಯ ಆರೂ ಕರಡುಗಳು ಒಂದರ ಮೇಲೊಂದು. ಯಾರ ಕೈಗೊಂಬೆಯಾಗಿದ್ದೀರಿ ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಟ್ಟರು.

ಆಕೆಗೆ ಸಿಟ್ಟು ಬರಲಿಲ್ಲ. ಮೆಲ್ಲಗೆ ಹೇಳತೊಡಗಿದರು. ಇಪ್ಪತ್ತೆರಡಕ್ಕೆ ಮದುವೆ ಮುರಿಯಿತು. ಒಂದೂವರೆ ವರ್ಷದ ಮಗನನ್ನು ನ್ಯಾಯಾಲಯ ಅಪ್ಪನಿಗೆ ಕೊಟ್ಟಿತು. ಅಪ್ಪ ಬೇರೆ ಮದುವೆಯಾಗಿ, ಹೆತ್ತವಳು ಸತ್ತಳೆಂದು ಮಗನಿಗೆ ಹೇಳಿ ಬೆಳೆಸಿದ. ಮೊದಲ ಕರಡಿನ ಕೊನೆಯ ಪುಟದಲ್ಲಿ, ತಯಾರಿಸಿದವನ ಹೆಸರಿನ ಜೊತೆ ತಂದೆಯ ಹೆಸರನ್ನು ಓದಿದಾಗ ಆಕೆಗೆ ಆ ತರುಣ ಯಾರೆಂದು ಗೊತ್ತಾಗಿತ್ತು.

"ಸಾಕಿದ ತಾಯಿ ಇನ್ನೂ ಇದ್ದಾಳೆ. ಬಾಯ್ತುಂಬ ಅಮ್ಮ ಅಂತಾನೆ. ಸತ್ತವಳು ಎದ್ದು ಬಂದು ಅವರ ಸಂಸಾರಕ್ಕೆ ಕಲ್ಲು ಹಾಕಲಾ?"

ಆಕೆ ಮೇಜಿನ ಮೇಲಿನ ಕರಡುಗಳ ಅಂಚು ಸರಿಮಾಡಿದರು.

"ಒಂದು ಸಲ 'ನೀನು' ಅಂದುಬಿಟ್ಟರೆ ಉಳಿದದ್ದೂ ಬಾಯಿಗೆ ಬಂದುಬಿಡುತ್ತೆ. ಅದಕ್ಕೇ ಓದಿಸ್ತಿದ್ದೆ. ದನಿಯಾದರೂ ಕೇಳಲಿ ಅಂತ."

ಹಿಂದಿನ ದಿನ ಗಿರಣಿಯ ಹೆಂಗಸರು ಬಂದು ಗೇಟಿನ ಹೊರಗೆ ನಿಂತಿದ್ದರಂತೆ. ಕೂಗಲಿಲ್ಲ, ಬೈಯಲಿಲ್ಲ, ಸುಮ್ಮನೆ ನಿಂತು ಹೋದರಂತೆ. "ನನ್ನ ಮಗನ ದನಿಗೋಸ್ಕರ ಅವರ ಅನ್ನ ಎಷ್ಟು ದಿನ ತಡೀಲಿ? ಹೊಸ ಕರಡು ನಿನ್ನೆ ಸಂಜೆ ಬಂತು. ಲಕೋಟೆ ಒಡೆದೇ ಇಲ್ಲ. ಒಡೆದರೆ ಮತ್ತೆ ತಪ್ಪು ಹುಡುಕ್ತೀನಿ. ಇವತ್ತು ಸಹಿ ಹಾಕ್ತೀನಿ." ಯಾರಿಗೂ ಹೇಳಬಾರದೆಂದು ಕಾರ್ಯದರ್ಶಿಯಿಂದ ಮಾತು ತೆಗೆದುಕೊಂಡರು.

ಸಭೆಯಲ್ಲಿ ತರುಣ ಕರಡು ಹಿಡಿದು ಎದ್ದು ನಿಂತ. ಆ ದಿನ ಅವನ ದನಿ ಯಾಕೋ ನಡುಗುತ್ತಿತ್ತು. ಮೊದಲ ಸಾಲೂ ಮುಗಿದಿರಲಿಲ್ಲ.

"ಓದೋದು ಬೇಡ," ಎಂದರು ಅಧ್ಯಕ್ಷೆ. "ಕೊಡಿ ಇಲ್ಲಿ."

ಪುಟ ತಿರುವಿ ನೋಡದೆ, ಅವನ ಮುಖವನ್ನೂ ನೋಡದೆ, ಗುಮಾಸ್ತ ಕೊನೆಯ ಪುಟ ತೆರೆದು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಚಪ್ಪಾಳೆ ಬಿತ್ತು. ಐದು ಊರಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ಗದ್ದಲದಲ್ಲೇ ಆಕೆ ಎದ್ದು ಹೊರಟುಹೋದರು.

ಸಭಾಂಗಣ ಖಾಲಿಯಾದ ಮೇಲೆ ತರುಣ ಕಾರ್ಯದರ್ಶಿಯ ಬಳಿ ಬಂದ. ಕೈಯಲ್ಲಿ ಹೊಸದಾಗಿ ಅಚ್ಚು ಹಾಕಿದ ಒಂದು ಹಾಳೆ.

"ಸಾರ್, ಕೊನೆಯ ಪುಟ ಬದಲಾಯಿಸಬೇಕು. ತಪ್ಪಿದೆ."

"ಮತ್ತೆ ಕಣ್ತಪ್ಪಿತೇನಪ್ಪ?"

"ಯಾವತ್ತೂ ಕಣ್ತಪ್ಪಿರಲಿಲ್ಲ ಸಾರ್. ಅಪ್ಪನ ಪೆಟ್ಟಿಗೆಯಲ್ಲಿ ಹಳೇ ಕೋರ್ಟಿನ ಕಾಗದ ಸಿಕ್ಕ ಮೇಲೆ ಎಲ್ಲ ಬೇಕಂತಲೇ ಹಾಕಿದ್ದು. ತಪ್ಪಿದ್ದರೆ ಪಕ್ಕದಲ್ಲಿ ಕೂರಿಸ್ಕೋತಿದ್ದರು." ಅವನು ಕಿಟಕಿಯ ಕಡೆ ತಿರುಗಿದ. "ಇದನ್ನು ನೋಡಿಯಾದರೂ ಏನಾದರೂ ಅಂತಾರೆ ಅಂದ್ಕೊಂಡಿದ್ದೆ. ನಿನ್ನೆಯೇ ಮನೆಗೆ ಕಳಿಸಿದ್ದೆ. ಓದಿರ್ತಾರೆ. ಅದಕ್ಕೇ ಇವತ್ತು ನನಗೆ ಓದೋಕೆ ಬಿಡಲಿಲ್ಲ. ಅವರಿಗೆ ಬೇಡ, ಗೊತ್ತಾಯ್ತು."

ರಾಜಧಾನಿಗೆ ವರ್ಗ ಕೇಳಿದ್ದೇನೆ ಎಂದೂ ಹೇಳಿದ. ಹಾಳೆಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದ. ಅವನು ಏನು ಬರೆದಿದ್ದನೆಂದು ನೋಡಲು ಕಾರ್ಯದರ್ಶಿ ಒಪ್ಪಂದದ ಕೊನೆಯ ಪುಟ ತೆರೆದರು. ಸಹಿಯ ಶಾಯಿ ಆಗಲೇ ಒಣಗಿತ್ತು.

ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಕರಡು ತಯಾರಿಸಿದವನ ಹೆಸರಿನ ಜೊತೆ ಈ ಸಲ ತಂದೆಯ ಹೆಸರಿರಲಿಲ್ಲ. 'ತಾಯಿ' ಎಂದು ಬರೆದು, ಎದುರಿಗೆ ಅಧ್ಯಕ್ಷೆಯ ಹೆಸರಿತ್ತು.